ಎರಡನೇ ಸಲ ನೋಡಿದವರ ಸಿನಿಮಾ

ನಿನ್ನೆ ರಾತ್ರಿ ಹನ್ನೊಂದೂವರೆಗೆ ಸಿನಿಮಾ ಮುಗೀತು. ಮೊದಲ ಭಾಗ ಪೂರ್ತಿ ಹೊಟ್ಟೆ ಹಿಡ್ಕೊಂಡು ನಕ್ಕಿದ್ದ ತಮ್ಮ, ಕೊನೇಲಿ ಒಂದು ಮಾತೂ ಆಡದೆ ಎದ್ದು ಹೋಗಿ ನೀರು ಕುಡಿದ. ಅಮ್ಮ ಹಾಲಿನ ಪಾತ್ರೆ ತೊಳೀತಾ, "ಆ ಹುಡುಗಿ ಕೈ ಯಾಕೆ ಬಿಟ್ಟನೇ ಅವನು?" ಅಂತ ಕೇಳಿದ್ರು. ನಾನು ಹೇಳೋಕೆ ಶುರು ಮಾಡಿ ಅರ್ಧಕ್ಕೇ ನಿಲ್ಲಿಸಿದೆ. ಇದೇ ಪ್ರಶ್ನೆ ಇಟ್ಕೊಂಡು ಚೀನಾದ ಪ್ರೇಕ್ಷಕರು ಇಷ್ಟು ವರ್ಷ ವಾದ ಮಾಡ್ತಾನೇ ಇದಾರೆ.

ಸಿನಿಮಾ ‘ಎ ಚೈನೀಸ್ ಒಡಿಸ್ಸಿ’. ಹಾಂಗ್‌ಕಾಂಗ್‌ನ ಜೆಫ್ರಿ ಲಾವ್ ನಿರ್ದೇಶನ, ಸ್ಟೀಫನ್ ಚೌ ನಾಯಕ. ಎರಡು ಭಾಗ ಇದೆ. ಒಂದು 1995ರ ಜನವರಿಯಲ್ಲಿ ಬಂತು, ಎರಡು ವಾರ ಬಿಟ್ಟು ಫೆಬ್ರವರಿಯಲ್ಲಿ ಇನ್ನೊಂದು. ಇದರ ಬೇರು ‘ಪಶ್ಚಿಮ ಯಾತ್ರೆ’ ಅನ್ನೋ 16ನೇ ಶತಮಾನದ ಚೀನೀ ಕಾದಂಬರಿಯಲ್ಲಿದೆ. ಅದರಲ್ಲಿರೋ ಭಿಕ್ಷು ನಮಗೂ ಗೊತ್ತಿರೋನೇ, ಹೈಸ್ಕೂಲ್ ಪಾಠದ ಹ್ಯೂಯೆನ್ ತ್ಸಾಂಗ್. ಇಮ್ಮಡಿ ಪುಲಕೇಶಿಯ ಬಗ್ಗೆ ಬರೆದಿಟ್ಟು ಹೋದ ಅದೇ ಯಾತ್ರಿಕ. ಕಾದಂಬರಿಯಲ್ಲಿ ಅವನಿಗೊಬ್ಬ ವಾನರ ಶಿಷ್ಯ. ಈ ಸಿನಿಮಾದಲ್ಲಿ ಆ ವಾನರ 500 ವರ್ಷ ಆದಮೇಲೆ ಒಬ್ಬ ಡಕಾಯಿತರ ನಾಯಕನಾಗಿ ಹುಟ್ಟಿರ್ತಾನೆ. ತಾನು ಯಾರು ಅನ್ನೋದೇ ಅವನಿಗೆ ಗೊತ್ತಿಲ್ಲ.

ಅವನು ಬಾಯ್ ಜಿಂಗ್‌ಜಿಂಗ್ ಅನ್ನೋಳನ್ನ ಪ್ರೀತಿಸ್ತಾನೆ. ಏನೋ ತಪ್ಪು ತಿಳ್ಕೊಂಡು ಅವಳು ಜೀವ ಬಿಡ್ತಾಳೆ. ಅವನ ಕೈಗೊಂದು ಪೆಟ್ಟಿಗೆ ಸಿಗುತ್ತೆ. ಬೆಳದಿಂಗಳಿಗೆ ಹಿಡಿದು ಮಂತ್ರ ಕೂಗಿದ್ರೆ ಕಾಲ ಸ್ವಲ್ಪ ಹಿಂದಕ್ಕೆ ಹೋಗುತ್ತೆ. ಕೂಗ್ತಾನೆ, ಓಡ್ತಾನೆ, ತಡವಾಗಿರುತ್ತೆ. ಮತ್ತೆ ಕೂಗ್ತಾನೆ, ಮತ್ತೆ ಓಡ್ತಾನೆ, ಆಗಲೂ ತಡ. ಆ ಮಂತ್ರ ಕೇಳೋಕೆ ‘ಬೋರೆ ಬೋಲುವೋಮಿ’ ಥರ ಇದೆ. ಅದು ನಮ್ಮ ಸಂಸ್ಕೃತದ ‘ಪ್ರಜ್ಞಾಪಾರಮಿತಾ’ ಅಂತ ಗೊತ್ತಾದಾಗ ನಂಗೆ ಮೈ ಜುಮ್ ಅಂತು. ಅಷ್ಟು ದೂರ ನಡ್ಕೊಂಡು ಹೋಗಿ, ಅವರ ನಾಲಿಗೆಯಲ್ಲಿ ಸವೆದು, ತಮಾಷೆ ಸಿನಿಮಾದ ಮಂತ್ರವಾಗಿ ನಮ್ಮನೆ ಟಿವಿಗೆ ವಾಪಸ್ ಬಂದಿರೋ ಪದ ಅದು.

ಕೊನೇ ಸಲ ಕೂಗಿದಾಗ ಕಾಲ ಅವನನ್ನ 500 ವರ್ಷ ಹಿಂದಕ್ಕೆ ಎಸೆದುಬಿಡುತ್ತೆ. ಅಲ್ಲಿ ಸಿಗೋಳು ಝೀಶ್ಯಾ. ಬುದ್ಧನ ಮುಂದೆ ಉರೀತಿದ್ದ ದೀಪದ ಬತ್ತಿ ಅವಳು, ಹೆಣ್ಣಾಗಿ ಭೂಮಿಗೆ ಇಳಿದು ಬಂದಿದಾಳೆ. ತನ್ನ ಕತ್ತಿಯನ್ನ ಒರೆಯಿಂದ ಯಾರು ಎಳೀತಾನೋ ಅವನೇ ತನ್ನ ಗಂಡ ಅಂತ ನಂಬಿದಾಳೆ. ಇವನು ಸುಮ್ಮನೆ ಎಳೆದುಬಿಡ್ತಾನೆ.

ಈಗ ಪ್ರೇಕ್ಷಕರ ವಿಷಯ. ಚೀನಾದ ಥಿಯೇಟರ್‌ಗಳಲ್ಲಿ ಇದು ಮೊದಲು ಬಂದಾಗ ಸೋತಿತ್ತು. ಅದೇ ಕಾದಂಬರಿಯ 1986ರ ಟಿವಿ ಧಾರಾವಾಹಿ ನೋಡಿ ಬೆಳೆದ ಜನ ಅವರು. ಪೂಜ್ಯ ಕಥೆಯನ್ನ ಹೀಗೆ ಎಳೆದಾಡೋದಾ, ವಾನರನಿಗೆ ಪ್ರೇಮವಾ ಅಂತ ಸಿಟ್ಟಾದ್ರು. ಸ್ವಲ್ಪ ವರ್ಷ ಆದಮೇಲೆ ನಕಲಿ ವಿಸಿಡಿಗಳು ಯೂನಿವರ್ಸಿಟಿ ಹಾಸ್ಟೆಲ್‌ಗಳಿಗೆ ಬಂದ್ವು. ಹುಡುಗರು, ಹುಡುಗೀರು ಡೈಲಾಗ್ ಬಾಯಿಪಾಠ ಮಾಡಿದ್ರು. ಸೋತ ಸಿನಿಮಾ ಒಂದು ತಲೆಮಾರಿನ ಪ್ರೇಮಭಾಷೆ ಆಗೋಯ್ತು. 2014ರಲ್ಲಿ ಮತ್ತೆ ಥಿಯೇಟರ್‌ಗೆ ಬಂತು, 2017ರ ಏಪ್ರಿಲ್‌ನಲ್ಲಿ ಹೆಚ್ಚಿನ ದೃಶ್ಯ ಸೇರಿಸಿ ಇನ್ನೊಮ್ಮೆ ಬಂತು. ಹಾಸ್ಟೆಲ್‌ನಲ್ಲಿ ಪುಕ್ಕಟೆ ನೋಡಿದವರು, ಸ್ಟೀಫನ್ ಚೌಗೆ ಒಂದು ಟಿಕೆಟ್ ಬಾಕಿ ಇದೆ ಅಂತ ಹೇಳ್ಕೊಂಡು ದುಡ್ಡು ಕೊಟ್ಟು ಹೋಗಿ ನೋಡಿದ್ರು.

ಇನ್ನೊಂದು ಹೇಳ್ಬೇಕು. ಅಲ್ಲಿನ ಅಭಿಮಾನಿಗಳಿಗೆ ಸ್ಟೀಫನ್ ಚೌ ದನಿ ಅಂದ್ರೆ ಡಬ್ಬಿಂಗ್ ಕಲಾವಿದ ಶಿ ಬಾನ್‌ಯೂ ದನಿ. ನಟ ಮಾತಾಡಿದ್ದು ಹಾಂಗ್‌ಕಾಂಗ್‌ನ ಕ್ಯಾಂಟನೀಸ್ ಭಾಷೆ, ಅವರು ಪ್ರೀತಿಸಿದ್ದು ಚೀನಾದ ಮ್ಯಾಂಡರಿನ್. ಡಬ್ಬಿಂಗ್ ಬೇಕೋ ಬೇಡವೋ ಅಂತ ದಶಕಗಟ್ಟಲೆ ಜಗಳ ಆಡಿದ ನಾವು ಇದನ್ನ ಕೇಳಿಸ್ಕೋಬೇಕು. ಎರವಲು ದನಿಗೂ ಜನ ಹೀಗೆ ಮನಸೋಲ್ತಾರೆ.

ಈ ಸಿನಿಮಾ ಬಗ್ಗೆ ಎಲ್ಲರೂ ಹೇಳೋ ಮಾತು ಒಂದಿದೆ: ಚಿಕ್ಕ ವಯಸ್ಸಲ್ಲಿ ನೋಡಿದ್ರೆ ನಗು, ದೊಡ್ಡವರಾದಮೇಲೆ ನೋಡಿದ್ರೆ ಅಳು. ನಂಗೆ ಇದು ಅರ್ಧ ಮಾತ್ರ ನಿಜ ಅನ್ಸುತ್ತೆ. ನಮ್ಮಮ್ಮನಿಗೆ ಅರವತ್ತೆರಡು, ಮೊದಲ ಸಲ ನೋಡಿದಾಗ ಅವರೂ ನಕ್ಕರು.

ಕತ್ತಿಯ ದೃಶ್ಯ ನೆನಪಿಸ್ಕೊಳ್ಳಿ. ಝೀಶ್ಯಾ ಅವನ ಗಂಟಲಿಗೆ ಕತ್ತಿ ಇಟ್ಟಿದಾಳೆ. ಸುಳ್ಳು ಹೇಳಿ ಪಾರಾಗೋಣ ಅಂತ ಇವನ ಲೆಕ್ಕಾಚಾರ ನಮಗೇ ಕೇಳಿಸುತ್ತೆ. ಆಮೇಲೆ ಕಣ್ಣಲ್ಲಿ ನೀರು ತಂದ್ಕೊಂಡು, ಎದುರಿಗಿದ್ದ ನಿಜವಾದ ಪ್ರೀತಿಯನ್ನ ಕಳ್ಕೊಂಡೆ, ಇನ್ನೊಂದು ಅವಕಾಶ ಸಿಕ್ಕಿದ್ರೆ, ಆ ಪ್ರೀತಿಗೊಂದು ಗಡುವು ಇಡಲೇಬೇಕು ಅಂದ್ರೆ ಹತ್ತು ಸಾವಿರ ವರ್ಷ ಇಡ್ತೀನಿ ಅನ್ನೋ ಅರ್ಥದ ಮಾತು ಹೇಳ್ತಾನೆ. ಅಪ್ಪಟ ಸುಳ್ಳು. ನಾವು ನಗ್ತೀವಿ. ಅವಳ ಕೈಯಿಂದ ಕತ್ತಿ ಬೀಳುತ್ತೆ.

ಕೊನೇಲಿ ಅದೇ ಮಾತು ಮತ್ತೆ ಬರುತ್ತೆ. ಅಷ್ಟೊತ್ತಿಗೆ ಅವನು ಸತ್ತಿದಾನೆ. ತನ್ನ ಹೃದಯದಲ್ಲಿ ಝೀಶ್ಯಾ ಒಂದು ಹನಿ ಕಣ್ಣೀರು ಬಿಟ್ಟು ಹೋಗಿದಾಳೆ ಅಂತ ಗೊತ್ತಾಗಿದೆ. ಅವಳನ್ನ ಉಳಿಸೋಕೆ ವಾನರನ ಶಕ್ತಿ ಬೇಕು, ಅದು ಬೇಕಾದ್ರೆ ಚಿನ್ನದ ಪಟ್ಟಿ ತಲೆಗೆ ಹಾಕ್ಕೋಬೇಕು. ಹಾಕ್ಕೊಂಡಮೇಲೆ ಮನಸ್ಸಲ್ಲಿ ಪ್ರೀತಿ ಒಂಚೂರು ಮಿಸುಕಿದ್ರೂ ಪಟ್ಟಿ ಬಿಗಿಯುತ್ತೆ. ಎರಡೂ ಕೈಲಿ ಪಟ್ಟಿ ಹಿಡ್ಕೊಂಡು ಅವನು ಅದೇ ವಾಕ್ಯಗಳನ್ನ ಹೇಳ್ತಾನೆ, ಈ ಸಲ ಒಂದಕ್ಷರವೂ ಸುಳ್ಳಲ್ಲ. ಕೇಳೋಕೆ ಅವಳು ಮಾತ್ರ ಅಲ್ಲಿಲ್ಲ.

ಹಾಗಾಗಿ ವಯಸ್ಸಿಗಿಂತ ಇದು ಎಷ್ಟನೇ ಸಲ ನೋಡ್ತಿದೀವಿ ಅನ್ನೋದರ ಮೇಲೆ ನಿಂತಿದೆ ಅಂತ ನಾನು ನಂಬ್ತೀನಿ. ಎರಡನೇ ಸಲ ನೋಡುವಾಗ ಆ ಕತ್ತಿಯ ದೃಶ್ಯದಲ್ಲೇ ಗಂಟಲು ಕಟ್ಟುತ್ತೆ, ಮುಂದೇನಾಗುತ್ತೆ ಅಂತ ನಮಗೆ ಗೊತ್ತು, ಅವನಿಗೆ ಗೊತ್ತಿಲ್ಲ. ಥಿಯೇಟರ್‌ಗೆ ಮೊದಲು ಬಂದವರು ಒಂದೇ ಸಲ ನೋಡಿ ಎದ್ದು ಹೋದವರು. ವಿಸಿಡಿ ಸಿಕ್ಕವರು ಹಿಂದಕ್ಕೆ ಓಡಿಸಿ ಓಡಿಸಿ ನೋಡಿದ್ರು, ಪೆಟ್ಟಿಗೆ ಹಿಡಿದು ಓಡಿದ ಆ ನಾಯಕನ ಹಾಗೇ.

ಅಮ್ಮ ಕೇಳಿದ ಪ್ರಶ್ನೆಗೆ ಬರ್ತೀನಿ. ಆಕಾಶದಲ್ಲಿ ಗಾಯಗೊಂಡ ಝೀಶ್ಯಾಳನ್ನ ಅವನು ಹಿಡ್ಕೊಂಡಿದಾನೆ, ತಲೆ ಮೇಲಿನ ಪಟ್ಟಿ ಬಿಗೀತಾ ಬಿಗೀತಾ ಕೈ ಸಡಿಲ ಆಗುತ್ತೆ. ಅವನು ಕಲ್ಲು ಮನಸ್ಸಿನವನು, ಬಿಟ್ಟುಬಿಟ್ಟ ಅನ್ನೋರಿದಾರೆ. ಆ ಪಟ್ಟಿ ಬಿಗಿಯೋದು ಪ್ರೀತಿ ಇದ್ದಾಗ ಮಾತ್ರ. ಕೈ ಜಾರಿದ್ದೇ ಪ್ರೀತಿಗೆ ಸಾಕ್ಷಿ. ಇದನ್ನ ನಾನು ಯಾರ ಮುಂದೆ ಬೇಕಾದ್ರೂ ವಾದ ಮಾಡ್ತೀನಿ.

ಅಮ್ಮ ಒಪ್ಪಲಿಲ್ಲ. "ನೋವಾಗುತ್ತೆ ಅಂತ ಕೈ ಬಿಡ್ತಾರೇನೇ ಯಾರಾದ್ರೂ?" ಅಂದ್ರು.

ಕಡೇ ದೃಶ್ಯ ಕೋಟೆ ಗೋಡೆ ಮೇಲೆ. ನಿಂಗ್‌ಶ್ಯಾ ಪ್ರಾಂತದ ಯಿಂಚುವಾನ್ ಹತ್ತಿರ, ಝೆನ್‌ಬೆಬು ಅನ್ನೋ ಹಳೇ ಕೋಟೆಯಲ್ಲಿ ತೆಗೆದಿದ್ದು. ಈಗಲೂ ಜನ ಅಲ್ಲಿಗೆ ಹೋಗಿ ಅದೇ ಥರ ನಿಂತು ಫೋಟೋ ತೆಗೆಸ್ಕೋತಾರೆ. ಗೋಡೆ ಮೇಲೆ ಒಬ್ಬ ಕತ್ತಿವೀರ, ಒಬ್ಬಳು ಹೆಣ್ಣು. ಇಬ್ಬರಿಗೂ ಬಾಯಿ ಬಿಟ್ಟು ಹೇಳೋಕೆ ಬಿಗುಮಾನ. ವಾನರ ಒಂದು ಕ್ಷಣ ಆ ವೀರನ ಮೈಯೊಳಗೆ ಹೊಕ್ಕು, ಅವಳನ್ನ ತಬ್ಬಿ ಮುತ್ತಿಟ್ಟು, ಈಚೆ ಬಂದು ಗುರುವಿನ ಹಿಂದೆ ನಡೀತಾನೆ. ಹೋಗ್ತಿರೋನನ್ನ ನೋಡಿ ಮೇಲಿನವರು, ನಾಯಿ ಥರ ಕಾಣ್ತಾನಲ್ಲ ಅಂತಾರೆ. ಅವನು ಕೋಲು ಹೆಗಲಿಗೆ ಅಡ್ಡ ಹಾಕ್ಕೊಂಡು ಮರಳಿನ ಕಡೆ ಹೋಗ್ತಾನೆ.

ಆ ಹೆಣ್ಣು ಝೀಶ್ಯಾ ಮುಖದವಳೇ ಕಣಮ್ಮ, ಅದೇ ನಟಿ, ಅಥೀನಾ ಚೂ ಅಂತ ನಾನು ಹೇಳಿದಾಗ ಅಮ್ಮ ಕೈಲಿದ್ದ ಪಾತ್ರೆ ಕೆಳಗಿಟ್ರು.

"ಹೌದಾ? ನಾನು ಸರಿಯಾಗಿ ನೋಡ್ಲೇ ಇಲ್ಲ. ಹಾಕು ಇನ್ನೊಂದ್ಸಲ."

"ಈಗಲಾ? ಹನ್ನೆರಡು ಗಂಟೆ ಆಗ್ತಾ ಬಂತು."

"ಕತ್ತಿ ಎಳೀತಾನಲ್ಲ, ಅಲ್ಲಿಂದ ಹಾಕು."