ಮಷೀನು ಬೇಡ, ವೇಳೆ ಕೇಳಿ

ಆಕಾಶವಾಣಿಯ ಕೇಳುಗರಿಗೆಲ್ಲ ನಮಸ್ಕಾರ. ವೈದ್ಯಕೀಯ ಸಂಶೋಧನೆಯಲ್ಲಿ ಮುಂದೆ ಬರಬೇಕೆನ್ನುವ ತರುಣರಿಗೆ ಸಿಗುವ ಅನುದಾನಗಳ ಬಗ್ಗೆ, ಅವಕ್ಕೆ ಅರ್ಜಿ ಹಾಕುವುದು ಹೇಗೆ, ಹಣ ಬಂದ ಮೇಲೆ ನಿಭಾಯಿಸುವುದು ಹೇಗೆ ಅನ್ನುವ ಬಗ್ಗೆ ಮಾತಾಡಬೇಕು ಅಂತ ಕರೆದಿದ್ದಾರೆ.

ಈಗ ರೇಡಿಯೋ ಹಚ್ಚಿಕೊಂಡು ಕೂತವರು ಯಾರು ಅಂತ ನನಗೊಂದು ಅಂದಾಜಿದೆ. ವಿಜಯಪುರ, ಬಾಗಲಕೋಟೆ, ಬೆಳಗಾವಿಯ ಮೆಡಿಕಲ್ ಕಾಲೇಜುಗಳಲ್ಲಿ ಎಂ.ಡಿ. ಮುಗಿಸಿ ಈಗಷ್ಟೇ ಅಸಿಸ್ಟಂಟ್ ಪ್ರೊಫೆಸರ್ ಆದವರು, ಲ್ಯಾಬಿನಲ್ಲಿ ಪಿಎಚ್.ಡಿ. ಮಾಡುತ್ತಿರುವವರು, ಮತ್ತೆ ಅವರ ಅಪ್ಪ, ಅವ್ವ. "ನಮ್ಮ ಹುಡುಗಿ ಡಾಕ್ಟರ್ ಆಗ್ಯಾಳ, ಇನ್ನೂ ಯಾಕ ಓದಾಕತ್ತಾಳ" ಅಂತ ಕೇಳುವವರು. ನೀವೂ ಕೇಳ್ರಿ, ನಿಮಗೂ ಸಂಬಂಧ ಇದೆ.

ನನ್ನ ಮಾತು ಒಂದೇ. ಈ ಹಣ ಮಷೀನು ಕೊಳ್ಳಲಿಕ್ಕೆ ಅಲ್ಲ. ನಿಮ್ಮ ವೇಳೆ ಕೊಳ್ಳಲಿಕ್ಕೆ.

ಹಿಂಗ ಹೇಳಿದರೆ ಯಾರೂ ನಂಬುವುದಿಲ್ಲ. ನನಗೆ ಬರುವ ಫೋನುಗಳಲ್ಲಿ ಹೆಚ್ಚಿನವು ಒಂದೇ ಪ್ರಶ್ನೆಯವು: "ಸರ್, ಈ ಸ್ಕೀಮಿನಾಗ ಯಾವ ಮಷೀನು ಕೇಳಲಿ?" ಅಲ್ರೀ, ನೀವು ಏನು ಕಂಡುಹಿಡಿಯಬೇಕು ಅಂತಿದ್ದೀರಿ ಅನ್ನುವುದೇ ಗೊತ್ತಾಗಿಲ್ಲ, ಮಷೀನು ಎಲ್ಲಿಂದ ಬಂತು? ಪ್ರಾಜೆಕ್ಟ್ ಅನುದಾನ ಬೇರೆ, ವೃತ್ತಿ ಬೆಳೆಸುವ ಅನುದಾನ ಬೇರೆ. ಮೊದಲನೆಯದರಲ್ಲಿ ಕೆಲಸ ಮುಖ್ಯ. ಎರಡನೆಯದರಲ್ಲಿ ಮನುಷ್ಯ ಮುಖ್ಯ. ಇವತ್ತು ಬೇರೆಯವರ ಕೈಕೆಳಗೆ ಇರುವ ನೀವು ನಾಲ್ಕೈದು ವರ್ಷದಲ್ಲಿ ಸ್ವಂತ ಕಾಲ ಮೇಲೆ ನಿಲ್ಲಬೇಕು ಅನ್ನುವುದಕ್ಕೆ ಕೊಡುವ ಹಣ ಅದು.

ಅಮೆರಿಕ ಸರ್ಕಾರದ ವೈದ್ಯಕೀಯ ಸಂಶೋಧನಾ ಸಂಸ್ಥೆ ಎನ್‌ಐಎಚ್‌ನಲ್ಲಿ ಕೆ-23 ಅಂತ ಒಂದು ಅನುದಾನವಿದೆ, ರೋಗಿಗಳ ನಡುವೆ ಸಂಶೋಧನೆ ಕಲಿಯುವ ತರುಣ ವೈದ್ಯರಿಗೆ. ಅಲ್ಲಿನ ನಾಗರಿಕರಿಗೆ, ಕಾಯಂ ನಿವಾಸಿಗಳಿಗೆ ಮಾತ್ರ ಅದು, ನಮಗಲ್ಲ. ಆದರೆ ಅದರ ನಿಯಮ ಕೇಳಿ. ಹಣ ಪಡೆದವರ ಕೆಲಸದ ವೇಳೆಯಲ್ಲಿ ಶೇಕಡಾ 75 ಭಾಗ ಸಂಶೋಧನೆಗೇ ಮೀಸಲು ಅಂತ ಅವರ ಸಂಸ್ಥೆ ಬರೆದುಕೊಡಬೇಕು. ಮುಕ್ಕಾಲು ಭಾಗ! ಉಳಿದ ಕಾಲು ಭಾಗದಲ್ಲಿ ಓಪಿಡಿ, ಪಾಠ, ಮೀಟಿಂಗು, ಎಲ್ಲ. ಅವರಿಗೆ ಗೊತ್ತು, ವೇಳೆ ಇಲ್ಲದವರಿಗೆ ಎಷ್ಟು ರೊಕ್ಕ ಕೊಟ್ಟರೂ ಅಷ್ಟೇ.

ಒಂದು ಪ್ರಸಂಗ ಹೇಳುತ್ತೇನೆ. ಹೆಸರು, ಊರು ಬೇಡ. ನಾನು ಆಯ್ಕೆ ಸಮಿತಿಯೊಂದರಲ್ಲಿ ಕೂತಿದ್ದೆ. ನಮ್ಮ ಭಾಗದವಳೇ ಒಬ್ಬ ತರುಣ ವೈದ್ಯೆ ಬಂದಳು, ಹೆರಿಗೆ ವಿಭಾಗದವಳು. ಅವಳ ಪ್ರಶ್ನೆ ಬಹಳ ಛಲೋ ಇತ್ತು. ಕಬ್ಬು ಕಡಿಯುವ ಗ್ಯಾಂಗುಗಳಲ್ಲಿ ಬಸುರಿಯರಿರುತ್ತಾರೆ, ನಿಮಗೆಲ್ಲ ಗೊತ್ತು. ಅವರ ತಾಯಿ ಕಾರ್ಡು ಊರಿನ ಆಸ್ಪತ್ರೆಯದು. ಗ್ಯಾಂಗು ಇವತ್ತು ಮುಧೋಳದ ಕಡೆ, ನಾಳೆ ರಾಯಬಾಗದ ಕಡೆ. ಊರಿನ ಆಶಾ ಕಾರ್ಯಕರ್ತೆಗೆ ಇವಳು ಎಲ್ಲಿದ್ದಾಳೆ ಗೊತ್ತಿಲ್ಲ, ಇಲ್ಲಿನ ಆಶಾ ಕಾರ್ಯಕರ್ತೆಗೆ ಇವಳು ತನ್ನ ಪಟ್ಟಿಯವಳಲ್ಲ. ಕಬ್ಬಿಣಾಂಶದ ಮಾತ್ರೆ ನಡುವೆ ಎಲ್ಲಿ ತಪ್ಪುತ್ತದೆ, ಅದನ್ನು ಮುಟ್ಟಿಸುವ ದಾರಿ ಯಾವುದು? ಇದು ಅವಳ ಪ್ರಶ್ನೆ. ನಮ್ಮ ಸಮಿತಿಯವರು ಕುರ್ಚಿಯಲ್ಲಿ ನೆಟ್ಟಗೆ ಕೂತರು.

ಆಮೇಲೆ ಬಜೆಟ್ ಪುಟ ತೆಗೆದೆವು. ಅರ್ಧಕ್ಕಿಂತ ಹೆಚ್ಚು ಹಣ ರಕ್ತ ಪರೀಕ್ಷೆಯ ದೊಡ್ಡ ಆಟೋಮ್ಯಾಟಿಕ್ ಮಷೀನಿಗೆ! ಕಬ್ಬಿನ ಗದ್ದೆಯಲ್ಲಿ ಅದನ್ನು ಎಲ್ಲಿ ಇಡುತ್ತೀರಿ ಅಂತ ಒಬ್ಬರು ಕೇಳಿದರು. "ಕಾಲೇಜಿನಾಗ ಸರ್." ಆಗ ಅಧ್ಯಕ್ಷರು, ಅವರೂ ಹಳ್ಳಿಯಿಂದ ಬಂದವರು, ಮೆಲ್ಲಗೆ ಕೇಳಿದರು: "ಗ್ಯಾಂಗಿನವರು ನಸುಕಿನಾಗ ಏಳ್ತಾರ, ಹೊತ್ತು ಏರೋದ್ರಾಗ ಗದ್ದ್ಯಾಗ ಇರ್ತಾರ. ನೀವು ಅವರನ್ನ ಭೇಟಿ ಆಗೋದು ಯಾವಾಗವ್ವಾ?"

"ಡ್ಯೂಟಿ ಮುಗಿಸಿ ಹೋಗ್ತೀನಿ ಸರ್."

"ಡ್ಯೂಟಿ ಯಾವಾಗ ಮುಗಿತದ?"

ಹುಡುಗಿ ಸುಮ್ಮನಾದಳು. ಲೇಬರ್ ರೂಮಿನ ಡ್ಯೂಟಿ ಯಾವಾಗ ಮುಗಿಯುತ್ತದೆ ಅಂತ ಯಾರಾದರೂ ಹೇಳಲಿಕ್ಕೆ ಆಗುತ್ತದೆಯೇ? ಅರ್ಜಿ ಬಿತ್ತು. ಅಷ್ಟು ಒಳ್ಳೆಯ ಪ್ರಶ್ನೆ, ಬಿತ್ತು. ಟ್ರ್ಯಾಕ್ಟರು ತಂದು ಅಂಗಳದಲ್ಲಿ ನಿಲ್ಲಿಸಿ ಹೊಲಕ್ಕೆ ಹೋಗಲು ಪುರುಸೊತ್ತಿಲ್ಲ ಅಂದರೆ ಬೆಳೆ ಎಲ್ಲಿಂದ ಬರಬೇಕು?

ಮರುವರ್ಷ ಅದೇ ಹುಡುಗಿ ಮತ್ತೆ ಬಂದಳು. ನನಗೆ ಬಹಳ ಸೇರಿದ್ದು ಇದು. ಮಷೀನು ಹೋಗಿತ್ತು. ಬೆರಳು ಚುಚ್ಚಿ ಹಿಮೋಗ್ಲೋಬಿನ್ ನೋಡುವ ಕೈಯಲ್ಲಿ ಹಿಡಿಯುವ ಮೀಟರು ಸಾಕು ಅಂತ ಬರೆದಿದ್ದಳು. ಅರ್ಜಿಯ ಹಿಂದೆ ಎರಡು ಕಾಗದ. ಒಂದು ಪ್ರಿನ್ಸಿಪಾಲರ ಪತ್ರ: ಸಕ್ಕರೆ ಕಾರ್ಖಾನೆಯ ಹಂಗಾಮು ನಡೆಯುವ ತಿಂಗಳುಗಳಲ್ಲಿ ವಾರಕ್ಕೆ ಮೂರು ದಿನ ಇವರಿಗೆ ಆಸ್ಪತ್ರೆ ಡ್ಯೂಟಿ ಇಲ್ಲ. ಇನ್ನೊಂದು, ವಿಭಾಗದ ಡ್ಯೂಟಿ ಚಾರ್ಟು. ನಿಜವಾದ ಚಾರ್ಟು, ನೋಟಿಸ್ ಬೋರ್ಡಿಗೆ ಹಚ್ಚುತ್ತಾರಲ್ಲ, ಅದೇ. ಅವಳ ಹೆಸರಿನ ಜಾಗದಲ್ಲಿ ಬೇರೆ ಇಬ್ಬರ ಹೆಸರು, ಪಕ್ಕದಲ್ಲಿ ಅವರ ಸಹಿ.

ಹೇಗೆ ಒಪ್ಪಿಸಿದೆ ಅಂತ ಕೇಳಿದೆವು. ಪ್ರಿನ್ಸಿಪಾಲರು ಮೊದಲು ಸಿಟ್ಟಾದರಂತೆ. "ಎಲ್ಲಾರೂ ಹಿಂಗ ಹೊಂಟ್ರ ಲೇಬರ್ ರೂಮ್ ಯಾರ್ ನೋಡಬೇಕ್ರಿ?" ಅಂದರಂತೆ. ಅವಳು ಹೋಗುವ ಮೊದಲೇ ಸಹೋದ್ಯೋಗಿಗಳ ಜೊತೆ ಮಾತಾಡಿಕೊಂಡಿದ್ದಳು. "ಕಾರ್ಖಾನಿ ಬಂದ್ ಆದ ಮ್ಯಾಲೆ ಬೇಸಿಗ್ಯಾಗ ಅವರ ಡ್ಯೂಟಿ ನಾನು ಮಾಡ್ತೀನಿ ಸರ್, ಅವರು ಮಕ್ಕಳನ್ನ ಕರ್ಕೊಂಡು ಊರಿಗೆ ಹೋಗಬೇಕಂತ." ಇಬ್ಬರಿಗೂ ಲಾಭ, ಪ್ರಿನ್ಸಿಪಾಲರಿಗೆ ಖರ್ಚಿಲ್ಲ. ಸಹಿ ಹಾಕಿದರು. ನಮ್ಮ ಅಧ್ಯಕ್ಷರು ಆ ಚಾರ್ಟನ್ನು ಪ್ರಸ್ತಾವನೆಗಿಂತ ಹೆಚ್ಚು ಹೊತ್ತು ಓದಿದರು. ಆಮೇಲೆ ಪ್ರಶ್ನೆ ಕೇಳುವುದು ಹೆಚ್ಚೇನೂ ಉಳಿಯಲಿಲ್ಲ.

ಮಷೀನಿಲ್ಲದೆ ದೊಡ್ಡ ಕೆಲಸ ಆಗುವುದಿಲ್ಲ ಅನ್ನುವವರಿಗೆ ಬೆಳಗಾವಿಯನ್ನೇ ತೋರಿಸುತ್ತೇನೆ. ಹೆರಿಗೆಯಾದ ಮೇಲೆ ಅತಿಯಾಗಿ ರಕ್ತ ಹೋಗುವುದನ್ನು ಒಂದು ಮಾತ್ರೆಯಿಂದ ತಡೆಯಬಹುದೇ ಅಂತ ಅಲ್ಲಿನ ಜವಾಹರಲಾಲ್ ನೆಹರು ಮೆಡಿಕಲ್ ಕಾಲೇಜಿನವರು ಅಮೆರಿಕದ ಸಂಶೋಧಕರ ಜೊತೆ ಸೇರಿ ನೋಡಿದರು. ಮಿಸೋಪ್ರಾಸ್ಟಾಲ್ ಅನ್ನುವ ಮಾತ್ರೆ. ಕೊಟ್ಟವರು ಹಳ್ಳಿಗಳ ಎಎನ್ಎಂ ಅಕ್ಕಂದಿರು, ಅಂದರೆ ಆರೋಗ್ಯ ಸಹಾಯಕಿಯರು, ಮನೆಯಲ್ಲಿ, ಉಪಕೇಂದ್ರದಲ್ಲಿ. 1620 ತಾಯಂದಿರು. ಅತಿಯಾದ ರಕ್ತಸ್ರಾವ ಶೇಕಡಾ 12ರಿಂದ 6.4ಕ್ಕೆ ಇಳಿಯಿತು. 2006ರಲ್ಲಿ ಲ್ಯಾನ್ಸೆಟ್ ಅನ್ನುವ ವೈದ್ಯಕೀಯ ಪತ್ರಿಕೆಯಲ್ಲಿ ಬಂತು. 2011ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಈ ಉಪಯೋಗಕ್ಕಾಗಿ ಆ ಮಾತ್ರೆಯನ್ನು ಅಗತ್ಯ ಔಷಧಗಳ ಪಟ್ಟಿಗೆ ಸೇರಿಸಿತು. ಮಾತ್ರೆ ಕೊಡಲಿಕ್ಕೆ ಯಾವ ದೊಡ್ಡ ಉಪಕರಣ ಬೇಕಾಗಿತ್ತು? ಬೇಕಾಗಿದ್ದು ಮೂರು ವರ್ಷಕ್ಕೂ ಮೀರಿದ ವೇಳೆ, ಹಳ್ಳಿ ಹಳ್ಳಿ ತಿರುಗುವ ಜನರ ವೇಳೆ.

ಇನ್ನು ಹಣ ಎಲ್ಲಿದೆ ಅನ್ನುವುದನ್ನು ಬೇಗ ಬೇಗ ಹೇಳುತ್ತೇನೆ, ಬರೆದುಕೊಳ್ಳಿ. ಎಂಬಿಬಿಎಸ್, ಬಿಡಿಎಸ್ ಓದುವ ಮಕ್ಕಳಿಗೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ, ಅಂದರೆ ಐಸಿಎಂಆರ್‌ನ, ಎಸ್‌ಟಿಎಸ್ ಅನ್ನುವ ವಿದ್ಯಾರ್ಥಿ ಯೋಜನೆ ಇದೆ, 1979ರಿಂದ ನಡೆದುಬಂದದ್ದು, ಎರಡು ತಿಂಗಳ ಸಣ್ಣ ಅಧ್ಯಯನ. ಅಲ್ಲಿಂದಲೇ ರೂಢಿ ಬೀಳಲಿ. ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯ ತನ್ನ ಕಾಲೇಜುಗಳವರಿಗೆ ಕೊಡುತ್ತದೆ. ನೌಕರಿಗೆ ಹೊಸದಾಗಿ ಸೇರಿದ ಅಧ್ಯಾಪಕರಿಗೆ ಅನುಸಂಧಾನ ರಾಷ್ಟ್ರೀಯ ಸಂಶೋಧನಾ ಪ್ರತಿಷ್ಠಾನದ ಪ್ರಧಾನಮಂತ್ರಿ ಅರ್ಲಿ ಕರಿಯರ್ ಅನುದಾನ, ಮೂರು ವರ್ಷಕ್ಕೆ 60 ಲಕ್ಷದವರೆಗೆ. ಮಕ್ಕಳು, ಮನೆ ಅಂತ ಕೆಲಸ ಬಿಟ್ಟು ಮತ್ತೆ ಬರಬೇಕೆನ್ನುವ ಅಕ್ಕ ತಂಗಿಯರಿಗೆ ಆರೋಗ್ಯ ಸಂಶೋಧನಾ ಇಲಾಖೆಯ ಮಹಿಳಾ ವಿಜ್ಞಾನಿ ಯೋಜನೆ ಇದೆ, ದಯವಿಟ್ಟು ಸಂಕೋಚ ಬೇಡ.

ಇವೆಲ್ಲದರಲ್ಲಿ ನನ್ನ ಮಾತಿಗೆ ತೀರ ಹತ್ತಿರದ್ದು ಇಂಡಿಯಾ ಅಲಯನ್ಸ್‌ನ ಫೆಲೋಶಿಪ್, ಮನುಷ್ಯನನ್ನು ನೋಡಿ ಕೊಡುವ ಹಣ. ಕೇಂದ್ರದ ಜೈವಿಕ ತಂತ್ರಜ್ಞಾನ ಇಲಾಖೆ ಮತ್ತು ಇಂಗ್ಲೆಂಡಿನ ವೆಲ್‌ಕಮ್ ಟ್ರಸ್ಟ್ ಸೇರಿ ನಡೆಸುವ ಕಾರ್ಯಕ್ರಮ, 2008ರಲ್ಲಿ ಶುರುವಾದದ್ದು. ಅದರ ಮೂರನೇ ಹಂತಕ್ಕೆ 2025ರಲ್ಲಿ ಕೇಂದ್ರ ಸಂಪುಟ ಒಪ್ಪಿಗೆ ಕೊಟ್ಟಿದೆ. ಒಟ್ಟು 1500 ಕೋಟಿ, ಅದರಲ್ಲಿ 1000 ಕೋಟಿ ನಮ್ಮ ಸರ್ಕಾರದ್ದು, 500 ಕೋಟಿ ಟ್ರಸ್ಟಿನದು. ಇಷ್ಟು ರೊಕ್ಕ ಇದ್ದಾಗ ನಮ್ಮ ಕಡೆಯಿಂದ ಅರ್ಜಿಯೇ ಹೋಗುವುದಿಲ್ಲ ಅಂದರೆ ಏನನ್ನಬೇಕು? ಅದೆಲ್ಲ ಬೆಂಗಳೂರು, ಪುಣೆಯವರಿಗೆ ಅಂತ ನಾವೇ ತೀರ್ಮಾನ ಮಾಡಿ ಕೂತಿದ್ದೇವೆ. ಬೆಳಗಾವಿಯ ನೆಹರು ನಗರದಲ್ಲಿ ಐಸಿಎಂಆರ್‌ನದೇ ಒಂದು ರಾಷ್ಟ್ರೀಯ ಸಂಸ್ಥೆ ಇದೆ, ಸಾಂಪ್ರದಾಯಿಕ ವೈದ್ಯ ಪದ್ಧತಿಯದು. ಅಲ್ಲಿನ ವಿಜ್ಞಾನಿಗಳನ್ನು ಹೋಗಿ ಕಾಣ್ರಿ, ನಿಮ್ಮ ಕರಡು ಓದಿ ಅಂತ ಕೇಳ್ರಿ. ಬಸ್ ಚಾರ್ಜಿನಷ್ಟೇ ಖರ್ಚು.

ಅರ್ಜಿಯಲ್ಲಿ ಮಾರ್ಗದರ್ಶಕರು ಅಂತ ಒಂದು ಜಾಗ ಇರುತ್ತದೆ. ದೊಡ್ಡ ಹೆಸರು ಹಾಕಬೇಡಿ. ಮೂವತ್ತು ಮಂದಿಗೆ ಮಾರ್ಗದರ್ಶಕರಾದವರು ನಿಮ್ಮ ಕರಡು ಯಾವಾಗ ಓದಬೇಕು? ಇಲ್ಲಿಯೂ ವೇಳೆಯದೇ ಮಾತು. ತಿಂಗಳಿಗೆ ಎರಡು ಸಲ ಎದುರಿಗೆ ಕೂತು "ಇದು ತಪ್ಪು" ಅನ್ನುವವರು ಬೇಕು, ಅದನ್ನು ಅವರ ಪತ್ರದಲ್ಲಿ ಹಾಗೆಯೇ ಬರೆಸಿಕೊಳ್ಳಿ. ಮತ್ತೆ ಕೊನೆಯ ದಿನ ರಾತ್ರಿ ಅರ್ಜಿ ತುಂಬುವ ಚಟ ಬಿಡ್ರಿ. ಸಂಸ್ಥೆಯ ಮುಖ್ಯಸ್ಥರ ಸಹಿ ಬೇಕಿರುತ್ತದೆ, ಅವರು ಅವತ್ತೇ ಮದುವೆಗೆ ಹೋಗಿರುತ್ತಾರೆ.

ಇನ್ನು ನಿಭಾಯಿಸುವ ವಿಷಯ. ಇದಕ್ಕೆ ಅರ್ಧ ಹೊತ್ತು ಇಟ್ಟುಕೊಳ್ಳಬೇಕು ಅಂದುಕೊಂಡಿದ್ದೆ, ಆ ಕಬ್ಬಿನ ಗ್ಯಾಂಗು ಎಲ್ಲ ತಿಂದುಹಾಕಿತು.

ಮಂಜೂರಾತಿ ಪತ್ರ ಬಂದ ದಿನ ಪೇಢೆ ಹಂಚಿ, ಬೇಡ ಅನ್ನುವುದಿಲ್ಲ. ಮರುದಿನ ಆ ಪತ್ರವನ್ನು ಮೊದಲಿಂದ ಕೊನೆಯತನಕ ಓದಿ. ಯಾವ ಬಾಬ್ತಿಗೆ ಎಷ್ಟು ಹಣ ಅಂತ ಅದರಲ್ಲಿರುತ್ತದೆ. ಸಿಬ್ಬಂದಿಯ ಹಣವನ್ನು ಸಾಮಗ್ರಿಗೆ ಖರ್ಚು ಮಾಡಬೇಕಾದರೆ ಮೊದಲೇ ಬರೆದು ಅನುಮತಿ ಕೇಳಬೇಕು. ಅದೇ ಪತ್ರ ಹಿಡಿದು ನಿಮ್ಮ ಕಾಲೇಜಿನ ಅಕೌಂಟ್ಸ್ ಸೆಕ್ಷನ್ನಿಗೆ ಹೋಗಿ, ಗುಮಾಸ್ತರ ಎದುರು ಕುರ್ಚಿ ಎಳೆದುಕೊಂಡು ಕೂತು, ಚಹಾ ಕುಡಿಯುತ್ತ ಅವರಿಗೆ ಓದಿ ಹೇಳಿ. ಯುಟಿಲೈಸೇಶನ್ ಸರ್ಟಿಫಿಕೇಟು, ಅಂದರೆ ಹಣ ಹೇಗೆ ಖರ್ಚಾಯಿತು ಅನ್ನುವ ಪ್ರಮಾಣಪತ್ರ, ತಯಾರಾಗುವುದು ಅವರ ಕೈಯಲ್ಲಿ, ಸರ್ಕಾರದ ಹಣಕಾಸು ನಿಯಮಗಳ ಜಿಎಫ್‌ಆರ್ 12-ಎ ಅನ್ನುವ ನಮೂನೆಯಲ್ಲಿ. ಅದು ಹೋಗದೆ ಮುಂದಿನ ಕಂತು ಬರುವುದಿಲ್ಲ. ಮಾರ್ಚ್ ಕೊನೆಗೆ ಓಡಾಡುವವರ ಅರ್ಧ ವೇಳೆ ಇದಕ್ಕೇ ಹೋಗುತ್ತದೆ. ಬ್ಯಾಂಕಿನಲ್ಲಿ ಹಣಕ್ಕೆ ಬಡ್ಡಿ ಬಂದಿದ್ದರೆ ಅದು ನಿಮ್ಮದಲ್ಲ, ಕಾಲೇಜಿನದೂ ಅಲ್ಲ, ಸರ್ಕಾರಕ್ಕೆ ವಾಪಸ್ ಕಟ್ಟಬೇಕು.

ನೈತಿಕ ಸಮಿತಿಯ ಒಪ್ಪಿಗೆ ಇಲ್ಲದೆ ಒಬ್ಬ ರೋಗಿಯನ್ನೂ ಮುಟ್ಟಬೇಡಿ. ಔಷಧ, ಚಿಕಿತ್ಸೆ ಪರೀಕ್ಷೆ ಮಾಡುವ ಪ್ರಯೋಗವಾದರೆ ಮೊದಲ ವ್ಯಕ್ತಿಯನ್ನು ಸೇರಿಸಿಕೊಳ್ಳುವ ಮುಂಚೆಯೇ ಸಿಟಿಆರ್‌ಐ ಅನ್ನುವ, ದೇಶದ ಇಂಥ ಪ್ರಯೋಗಗಳ ದಾಖಲೆಯಲ್ಲಿ ನೋಂದಣಿ ಆಗಬೇಕು, 2009ರಿಂದ ಅದು ಕಡ್ಡಾಯ. ಆಮೇಲೆ ಮಾಡಿಸುತ್ತೇನೆ ಅಂದರೆ ಒಳ್ಳೆಯ ಪತ್ರಿಕೆಯವರು ನಿಮ್ಮ ಲೇಖನ ಬಾಗಿಲಲ್ಲೇ ನಿಲ್ಲಿಸುತ್ತಾರೆ.

ಅನುದಾನ ಬಂದ ಸುದ್ದಿ ಹಬ್ಬಿದ ತಕ್ಷಣ ನಿಮಗೆ ಹೊಸ ಹೊಸ ಕಮಿಟಿ ಹಚ್ಚುತ್ತಾರೆ. "ನೀವು ಹುಷಾರ ಇದ್ದೀರಿ, ಗ್ಯಾದರಿಂಗ್ ನೀವೇ ನೋಡ್ಕೊಳ್ರಿ" ಅಂತಾರೆ. ಆಗ ನಿಮ್ಮ ವೇಳೆ ಮೀಸಲಿಟ್ಟ ಪತ್ರ, ಆ ಹುಡುಗಿ ತಂದಂಥದ್ದು, ಪ್ರಿನ್ಸಿಪಾಲರು ಸಹಿ ಹಾಕಿದ್ದು, ಅದರ ಝೆರಾಕ್ಸ್ ಮೇಜಿನ ಮೇಲೆ ಇಡಿ. ಜಗಳ ಬೇಡ. ಕಾಗದ ಮಾತಾಡಲಿ.

ಕೊನೆಗೊಂದು ವಿಷಯ, ಒಳಗಿಂದ ಕೈ ಮಾಡುತ್ತಿದ್ದಾರೆ, ಅರ್ಧ ನಿಮಿಷ. ಎರಡನೇ ಕಂತು ತಡವಾಗುತ್ತದೆ, ತಡವಾಗಿಯೇ ಆಗುತ್ತದೆ. ನಿಮ್ಮ ಪಗಾರಕ್ಕೆ ಕಾಲೇಜು ಇದೆ. ನಿಮ್ಮ ಜೊತೆ ಬಿಸಿಲಲ್ಲಿ ತಿರುಗುವ ಫೀಲ್ಡ್ ವರ್ಕರ್ ಹುಡುಗಿಯರಿಗೆ ಇಲ್ಲ. ಪ್ರಾಜೆಕ್ಟ್ ಶುರುವಾಗುವ ಮೊದಲೇ, ಕಂತು ಬರುವ ತನಕ ಅವರ ಪಗಾರವನ್ನು ಕಾಲೇಜು ಮುಂಗಡವಾಗಿ ಕೊಡುತ್ತದೆ ಅಂತ ಮ್ಯಾನೇಜ್‌ಮೆಂಟಿನಿಂದ ಬರೆಸಿಕೊಳ್ಳಿ. ಬಾಯಿಮಾತಿನಲ್ಲಿ ಬೇಡ. ನಮಸ್ಕಾರ.