ಚೆನ್ನಾಗಿರುವಾಗಲೇ ಮಾಡಿಸುವ ಪರೀಕ್ಷೆ

ಮುಂಬಯಿಯಲ್ಲಿ ದುಡಿಯುತ್ತ ಊರಿನ ಕಡೆಗೂ ಒಂದು ಜೀವ ಇಟ್ಟುಕೊಂಡಿರುವ ಅಕ್ಕತಂಗಿಯರಿಗೆ, ಅಣ್ಣತಮ್ಮಂದಿರಿಗೆ ನಮಸ್ಕಾರ.

ಗರ್ಭಕಂಠದ, ಅಂದರೆ ಗರ್ಭಕೋಶದ ಬಾಯಿಯ, ಕ್ಯಾನ್ಸರಿನ ಮಾತೆತ್ತಿದರೆ ನಮ್ಮ ಹೆಂಗಸರು ಹೇಳುವುದು ಒಂದೇ: ‘ನನಗೇನಾಗಿದೆ? ಚೆನ್ನಾಗೇ ಇದ್ದೀನಲ್ಲ!’ ಎಚ್‌ಪಿವಿ ಎಂಬ ವೈರಾಣು ಒಳಗೇ ಬೀಡುಬಿಟ್ಟರೆ ಗರ್ಭಕೋಶದ ಬಾಯಲ್ಲಿ ಜೀವಕೋಶಗಳು ಮೆಲ್ಲಗೆ ಕೆಡುತ್ತ ಹೋಗುತ್ತವೆ. ಅದು ಕ್ಯಾನ್ಸರ್ ಆಗಲು ಸಾಮಾನ್ಯವಾಗಿ ಹತ್ತು ವರ್ಷವೋ ಇನ್ನೂ ಹೆಚ್ಚೋ ಹಿಡಿಯುತ್ತದೆ. ಅಲ್ಲಿಯವರೆಗೆ ನೋವೂ ಇರುವುದಿಲ್ಲ. ಅದಕ್ಕೇ ಚೆನ್ನಾಗಿರುವಾಗಲೇ ಪರೀಕ್ಷೆ ಮಾಡಿಸಬೇಕು.

ಇದಕ್ಕೊಂದು ಸರಳ ವಿನೆಗರ್ ಪರೀಕ್ಷೆ ಇದೆ. ವಿನೆಗರಿನಲ್ಲಿರುವ ಆಮ್ಲವನ್ನೇ ತೆಳುವಾಗಿ ನೀರಿಗೆ ಬೆರೆಸಿ, ನರ್ಸಮ್ಮ ಹತ್ತಿಯಲ್ಲಿ ಅದ್ದಿ ಗರ್ಭಕಂಠಕ್ಕೆ ಹಚ್ಚುತ್ತಾರೆ. ಒಂದು ನಿಮಿಷ ಬಿಟ್ಟು ದೀಪದ ಬೆಳಕಿನಲ್ಲಿ ನೋಡುತ್ತಾರೆ. ಕೆಟ್ಟ ಜಾಗವಿದ್ದರೆ ಬೆಳ್ಳಗಾಗಿ ಕಾಣುತ್ತದೆ, ಸುತ್ತಲಿನದು ಗುಲಾಬಿ ಬಣ್ಣದಲ್ಲೇ ಉಳಿಯುತ್ತದೆ. ಸ್ವಲ್ಪ ಉರಿದೀತು, ಅಷ್ಟೆ. ಬೆಳ್ಳಗಾದ ಮಾತ್ರಕ್ಕೆ ಕ್ಯಾನ್ಸರ್ ಅಂತಲ್ಲ. ಮುಂದಿನ ತಪಾಸಣೆ ಬೇಕು ಅಂತ. ಫಲಿತಾಂಶ ಅಲ್ಲೇ ಗೊತ್ತಾಗುತ್ತದೆ. ಕೂಲಿ ಬಿಟ್ಟು, ಬಸ್ಸು ಹತ್ತಿ ಬಂದ ಹಳ್ಳಿಯ ಹೆಂಗಸು ರಿಪೋರ್ಟಿಗೆಂದು ಇನ್ನೊಮ್ಮೆ ಬರುವುದು ಕಷ್ಟ. ಆದ್ದರಿಂದ ಇದು ದೊಡ್ಡ ಅನುಕೂಲ.

ಟಾಟಾ ಸ್ಮಾರಕ ಆಸ್ಪತ್ರೆಯವರು 1998ರಲ್ಲಿ ಇದೇ ಮುಂಬಯಿಯ ಕೊಳೆಗೇರಿಗಳಲ್ಲಿ, ಸುಮಾರು 1.5 ಲಕ್ಷ ಹೆಂಗಸರ ನಡುವೆ ಅಧ್ಯಯನ ಶುರುಮಾಡಿದರು. ಅರ್ಧದಷ್ಟು ಮಂದಿಗೆ ಎರಡೆರಡು ವರ್ಷಕ್ಕೊಮ್ಮೆ ಈ ಪರೀಕ್ಷೆ. ಮಾಡಿದವರು ಡಾಕ್ಟರುಗಳಲ್ಲ, ನಾಲ್ಕು ವಾರ ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತೆಯರು. ಪರೀಕ್ಷೆಯ ಗುಂಪಿನಲ್ಲಿ ಈ ಕ್ಯಾನ್ಸರಿನಿಂದಾಗುವ ಸಾವು ಶೇ. 31ರಷ್ಟು ತಗ್ಗಿತು. ಉಳಿದ ಗುಂಪಿಗೆ ಬರೀ ತಿಳಿವಳಿಕೆ ಹೇಳಿದ್ದರು, ಪರೀಕ್ಷೆ ಮಾಡಲಿಲ್ಲ. ಅದು ಸರಿಯೇ ಎಂದು ಆಗ ಪ್ರಶ್ನೆ ಎದ್ದಿತ್ತು. ನನ್ನ ಮನಸ್ಸಿಗೂ ಅದು ಒಪ್ಪಿಗೆಯಾಗಿಲ್ಲ.

ಸೊಲ್ಲಾಪುರದ ಪಕ್ಕದ ಉಸ್ಮಾನಾಬಾದ್, ಅಂದರೆ ಈಗಿನ ಧಾರಾಶಿವ ಜಿಲ್ಲೆಯ ಹಳ್ಳಿಗಳಲ್ಲೂ ಇಂಥದೇ ಅಧ್ಯಯನ ನಡೆಯಿತು. ಅಲ್ಲಿ ವಿನೆಗರ್ ಪರೀಕ್ಷೆ ಒಂದೇ ಸಲ ಮಾಡಿದರು. ಸಾವು ಹೇಳಿಕೊಳ್ಳುವಷ್ಟು ಇಳಿಯಲಿಲ್ಲ. ಇನ್ನೊಂದು ಗುಂಪಿಗೆ ಆ ವೈರಾಣು ಇದೆಯೇ ಎಂದು ನೋಡುವ ಎಚ್‌ಪಿವಿ ಪರೀಕ್ಷೆಯನ್ನೂ ಒಂದೇ ಸಲ ಮಾಡಿದ್ದು, ಆದರೆ ಆ ಗುಂಪಿನಲ್ಲಿ ಸಾವು ಹತ್ತಿರ ಹತ್ತಿರ ಅರ್ಧಕ್ಕಿಳಿಯಿತು. 2009ರಲ್ಲಿ ಈ ಫಲಿತಾಂಶ ಪ್ರಕಟವಾಯಿತು. ಹಾಗಾಗಿ ಎಚ್‌ಪಿವಿ ಪರೀಕ್ಷೆ ಸಿಗುವ ಕಡೆ ಅದನ್ನೇ ಮಾಡಿಸಿ. ಸಿಗದಿದ್ದರೆ ವಿನೆಗರಿನದು ಸಾಕು, ಆದರೆ ‘ಒಮ್ಮೆ ಆಯ್ತಲ್ಲ’ ಎಂದು ಬಿಡಬೇಡಿ. 30ರಿಂದ 65 ವರ್ಷದವರೆಗೆ, ಐದು ವರ್ಷಕ್ಕೊಮ್ಮೆಯಾದರೂ ಮಾಡಿಸಿ ಎನ್ನುತ್ತದೆ ಸರ್ಕಾರದ 2016ರ ಮಾರ್ಗಸೂಚಿ.

ಊರಿಗೆ ಫೋನ್ ಮಾಡಿದಾಗ ಮಳೆಬೆಳೆ ಕೇಳುತ್ತೀರಿ. ಹಾಗೆಯೇ ಅತ್ತಿಗೆಯನ್ನೂ ಕೇಳಿ: ಆಶಾ ಕಾರ್ಯಕರ್ತೆಯ ಜೊತೆ ಆಸ್ಪತ್ರೆಗೆ ಹೋಗಿ ಬಂದಳೇ? ಮುಟ್ಟಿನ ದಿನಗಳು ಕಳೆದ ಮೇಲೆ ಹೋಗಲಿ. ಮುಟ್ಟು ನಿಂತ ಮೇಲೂ ರಕ್ತ ಕಂಡರೆ, ಗಂಡನ ಜೊತೆ ಕೂಡಿದ ಮೇಲೆ ರಕ್ತ ಹೋದರೆ, ಶಿಬಿರ ಬರಲಿ ಎಂದು ಕಾಯದೆ ನಾಳೆಯೇ ಡಾಕ್ಟರಿಗೆ ತೋರಿಸಲಿ.

ನಮಸ್ಕಾರ.