ಪಿಯಾನೋ ನುಡಿಸ್ತಿದ್ನೋ, ಬಾಗ್ಲು ಬಡೀತಿದ್ನೋ

ಈಗ ಕೇಳಿದ್ರಲ್ಲ ಆ ಪಿಯಾನೋ ಕ್ಲಿಪ್, ಅದು ಹೋದ ದೀಪಾವಳಿ ಟೈಮಲ್ಲಿ ನಾನೇ ನುಡಿಸಿ ರೆಕಾರ್ಡ್ ಮಾಡಿದ್ದು. ಒಂದು ಸ್ವರ ತಪ್ಪಿಲ್ಲ, ತಾಳ ತಪ್ಪಿಲ್ಲ, ಟಿಕ್ ಟಿಕ್ ಅಂತ ತಾಳ ಹಾಕೋ ಮೆಟ್ರೋನೋಮ್ ಜೊತೆ ಗೆರೆ ಹೊಡ್ದಂಗೆ ಹೋಗೈತೆ. ಅವತ್ತು ನಾನು ಭಾರಿ ಖುಷಿಲಿ ಸ್ಪೀಕರ್‌ಗೆ ಹಾಕಿ ಮನೆಯವ್ರಿಗೆಲ್ಲಾ ಕೇಳ್ಸಿದ್ರೆ, ಅಡುಗೆಮನೆಯಿಂದ ಅಮ್ಮ "ಏನೋ, ಟೈಪಿಂಗ್ ಕ್ಲಾಸಿಗೆ ಸೇರ್ಕೊಂಡಿಯೇನು" ಅಂದ್ರು. ತಮಾಷೆಗಲ್ಲ ಮತ್ತೆ, ನಿಜವಾಗ್ಲೂ ಕೇಳಿದ್ದು.

ಹೊಸಬ್ರಿಗೆ ಹೇಳ್ಬಿಡ್ತೀನಿ, ಹಗಲೊತ್ತು ದಾವಣಗೆರೆ ಮಂಡಿಪೇಟೇಲಿ ನಮ್ಮಣ್ಣನ ಅಂಗಡಿ ಲೆಕ್ಕ ನೋಡ್ಕೊಳ್ಳೋದು ನನ್ನ ಕೆಲ್ಸ, ರಾತ್ರಿ ಒಂಬತ್ತರ ಮೇಲೆ ಹೆಡ್‌ಫೋನ್ ಹಾಕ್ಕೊಂಡು ಒಂದು ಗಂಟೆ ಪಿಯಾನೋ. 88 ಕೀ ಇರೋ ಡಿಜಿಟಲ್ ಪಿಯಾನೋ, ಸೆಕೆಂಡ್ ಹ್ಯಾಂಡು. ಎರಡು ವರ್ಷ ಆಯ್ತು. ಕ್ಲಿಪ್ಪಲ್ಲಿ ನುಡಿಸ್ತಿರೋದು ಕಲಿಯೋರೆಲ್ಲಾ ನುಡಿಸೋ ಜಿ ಮೇಜರ್ ಮಿನುಯೆಟ್, ಒಂದು ಹಳೇ ಯುರೋಪಿನ ಕುಣಿತದ ಟ್ಯೂನು. ಬಾಖ್ ಅನ್ನೋ ದೊಡ್ಡ ಸಂಗೀತಗಾರಂದು ಅಂತಾನೇ ತುಂಬಾ ವರ್ಷ ಎಲ್ರೂ ಅಂದ್ಕೊಂಡಿದ್ರು, ಆಮೇಲೆ ಗೊತ್ತಾಗಿದ್ದು ಬರ್ದಿದ್ದು ಕ್ರಿಶ್ಚಿಯನ್ ಪೆಟ್ಜೋಲ್ಡ್ ಅನ್ನೋರು ಅಂತ. ಪಾಪ.

ಅಮ್ಮನ ಮಾತು ಎಷ್ಟು ಚುಚ್ತು ಅಂದ್ರೆ, ಅವತ್ತು ರಾತ್ರೀನೇ ಪಿಯಾನೋಗೂ ಫೋನ್‌ಗೂ ಕೇಬಲ್ ಹಾಕಿ, ಒಂದೊಂದು ಸ್ವರಾನೂ ಎಷ್ಟು ಜೋರಾಗಿ ಬಿದ್ದೈತೆ ಅಂತ ಆಪ್‌ನಲ್ಲಿ ನೋಡ್ದೆ. ಇದಕ್ಕೆ ವೆಲಾಸಿಟಿ ಅಂತಾರೆ, ಜಾಸ್ತಿ ಅಂದ್ರೆ 127ರ ತನಕ ಹೋಗುತ್ತೆ. ನನ್ನವು ಎಲ್ಲಾ 68ರಿಂದ 80ರ ಒಳಗೆ! ನುಡಿಸುವಾಗ ಕಣ್ಣು ಮುಚ್ಕೊಂಡು ಭುಜ ಅಲ್ಲಾಡಿಸ್ಕೊಂಡು ಏನ್ ಭಾವ ಏನ್ ಭಾವ... ಭಾವ ಎಲ್ಲಾ ಭುಜದಲ್ಲೇ ನಿಂತೋಗಿತ್ತು, ಕೀ ತನಕ ಇಳಿದೇ ಇರ್ಲಿಲ್ಲ. ಇನ್ನೊಂದು ಏನಪ್ಪಾ ಅಂದ್ರೆ, ಆ 80 ಬಂದಿದ್ದೆಲ್ಲಾ ಹೆಬ್ಬೆರಳು ಬಿದ್ದ ಕಡೆ, 68 ಬಂದಿದ್ದು ಕಿರುಬೆರಳಿದ್ದು. ಅಂದ್ರೆ ಯಾವ ಸ್ವರ ಜೋರು ಯಾವುದು ಮೆತ್ತಗೆ ಅಂತ ನಾನು ತೀರ್ಮಾನ ಮಾಡ್ತಾನೇ ಇಲ್ಲ, ಯಾವ ಬೆರಳು ದಪ್ಪ ಅನ್ನೋದೇ ತೀರ್ಮಾನ ಮಾಡ್ತೈತೆ.

ಮೊದಲ್ನೇ ಸಾಲು ನಮ್ಮ ಲೆಕ್ಕದಲ್ಲಿ ಹೇಳ್ಬೇಕಂದ್ರೆ, ಜಿ ಸ್ವರಾನ ಸ ಅಂತ ಇಟ್ಕೊಂಡ್ರೆ, ಪ, ಸರಿಗಮ, ಪ, ಸ, ಸ. ಅಷ್ಟೇ. ಪ ಕಿರುಬೆರಳಿಗೆ, ಸ ಹೆಬ್ಬೆರಳಿಗೆ. ಹಂಗಾಗಿ ಸಾಲು ಮುಗಿಯೋ ಕಡೆ, ಇಳೀಬೇಕಾದ ಜಾಗದಲ್ಲಿ, ಡಬ್ ಡಬ್ ಅಂತ ಎರಡು ಏಟು.

ಈ ಡಬ್ ಡಬ್‌ನ ಮೊದಲು ಹಿಡಿದಿದ್ದು ಆಪ್ ಅಲ್ಲ, ನಮ್ಮ ಓಣಿ ಕೊನೇ ಮನೆ ಅಜ್ಜ. ನಿಮ್ಗೆ ಗೊತ್ತಿರುತ್ತೆ, ದಾವಣಗೆರೆ ಅಂದ್ರೆ ಬರೀ ಬೆಣ್ಣೆ ದೋಸೆ ಅಲ್ಲ, ಚಿಂದೋಡಿ ಲೀಲಾ ಅವ್ರ ಊರು, ನಾಟಕ ಕಂಪನಿಗಳ ಊರು. ಈ ಅಜ್ಜ ಸಣ್ಣ ಸಣ್ಣ ಕಂಪನಿಗಳಲ್ಲಿ ಕಾಲ್ಪೆಟ್ಟಿಗೆ ನುಡಿಸ್ತಿದ್ದೋರು, ಅದೇ ಕಾಲಲ್ಲಿ ತುಳ್ಕೊಂಡು ಎರಡೂ ಕೈಲಿ ನುಡಿಸ್ತಾರಲ್ಲ ಆ ಹಾರ್ಮೋನಿಯಂ. ಒಂದು ಭಾನುವಾರ ಮನೆಗೆ ಬಂದಿದ್ರು, ನುಡ್ಸು ಅಂದ್ರು, ನುಡಿಸ್ದೆ. ಕೇಳಿ ಸ್ವಲ್ಪ ಹೊತ್ತು ಏನೂ ಹೇಳ್ಲಿಲ್ಲ. ಆಮೇಲೆ "ಬಿಲಾವಲ್ ರಾಗ ಇದ್ದಂಗೈತೆ, ಚೆನ್ನಾಗೈತೆ. ಆದ್ರೆ ತಮ್ಮಾ, ಕೊನೇಗೆ ಯಾಕೆ ಬಾಗ್ಲು ಬಡೀತೀಯ" ಅಂದ್ರು.

ನಾನು ಇದು ಪಿಯಾನೋ ಅಜ್ಜ, ಇದ್ರಲ್ಲಿ ಹಂಗೇ ಬರೋದು ಅಂತ ವಾದ ಮಾಡ್ದೆ. ಅದಕ್ಕೆ ಅವ್ರು ಒಂದು ಕೀ ಒತ್ತಿ ಹಿಡ್ಕೊಂಡು ಸುಮ್ನೆ ಕೂತ್ರು. ಸೌಂಡ್ ಕಮ್ಮಿ ಆಗ್ತಾ ಆಗ್ತಾ ಹೋಯ್ತು. "ನನ್ ಪೆಟ್ಟಿಗೇಲಿ ಗಾಳಿ ಇರೋಗಂಟ ಸ್ವರ ನಿಂತಿರ್ತೈತೆ. ನಿಂದು ಒತ್ತಿದ ಕೂಡ್ಲೇ ಇಳಿಯಾಕೆ ಶುರು. ಅದು ಎಲ್ಲಿಗಿಳ್ದೈತೋ ಅಲ್ಲಿಂದ ಮುಂದಿನ್ದು ಎತ್ಕೋಬೇಕಲ್ಲೋ, ನೀನು ಪ್ರತಿ ಸಲ ಅಟ್ಟದ ಮೇಲಿಂದ ಧುಮುಕ್ತೀಯ."

ಇಷ್ಟೇ. ಎರಡು ವರ್ಷದಲ್ಲಿ ನಾನು ನೋಡಿದ ಅಷ್ಟೂ ಟ್ಯುಟೋರಿಯಲ್‌ನಲ್ಲಿ "ಫೀಲ್ ಮಾಡಿ ನುಡ್ಸಿ" ಅಂದೋರೇ ಎಲ್ಲಾ, ಒತ್ತಿದ ಮೇಲೆ ಆ ಸ್ವರದ ಬಾಲ ಕೇಳು ಅಂತ ಹೇಳಿದ್ದು ಅವತ್ತಿನ ತನಕ ಪಿಯಾನೋ ಮುಟ್ಟೇ ಇರದ ಈ ಅಜ್ಜ.

ಆಮೇಲೆ ಪಿಯಾನೋ ಹೆಂಗೆ ಕೆಲ್ಸ ಮಾಡುತ್ತೆ ಅಂತ ಓದಿದ್ರೆ ಅಜ್ಜನ ಮಾತು ಅಕ್ಷರಕ್ಕಕ್ಷರ ನಿಜ. 1700ರ ಆಸುಪಾಸಲ್ಲಿ ಇಟಲಿಯ ಫ್ಲಾರೆನ್ಸಲ್ಲಿ ಬಾರ್ತೊಲೊಮಿಯೊ ಕ್ರಿಸ್ತೊಫೊರಿ ಅನ್ನೋರು ಇದನ್ನ ಮಾಡಿದ್ದು. ಅದಕ್ಕೂ ಮುಂಚೆ ಇದ್ದ ಹಾರ್ಪ್ಸಿಕಾರ್ಡಲ್ಲಿ ತಂತಿನ ಮೀಟೋದು, ನೀವು ಎಷ್ಟು ಜೋರಾಗಿ ಒತ್ತಿದ್ರೂ ಸೌಂಡ್ ಹೆಚ್ಚುಕಮ್ಮಿ ಅಷ್ಟೇ ಬರೋದು. ಇವ್ರು ಮೀಟೋ ಬದ್ಲು ಸುತ್ತಿಗೆ ಇಟ್ರು. ಮೆತ್ತಗೂ ಬರುತ್ತೆ ಜೋರಾಗೂ ಬರುತ್ತೆ ಅಂತಾನೇ ಇಟಾಲಿಯನ್‌ನಲ್ಲಿ ಪಿಯಾನೋ, ಫೋರ್ಟೆ ಅಂತ ಹೆಸ್ರು. ನಾನು 68ರಿಂದ 80ರಲ್ಲಿ ನುಡಿಸ್ಕೊಂಡು ಮುನ್ನೂರು ವರ್ಷ ಹಿಂದಕ್ಕೆ ಹಾರ್ಪ್ಸಿಕಾರ್ಡ್ ಕಾಲಕ್ಕೆ ಹೋಗಿದ್ದೆ ಅಂದಂಗಾಯ್ತು. ಆ ಸುತ್ತಿಗೆ ತಂತಿಗೆ ತಾಗೋ ಸ್ವಲ್ಪ ಮುಂಚೆ ಕೀಯಿಂದ ಬಿಡ್ಸ್ಕೊಂಡು ತಾನೇ ಹಾರುತ್ತೆ. ಅಲ್ಲಿಂದಾಚೆ ನೀವು ಕೀನ ಒತ್ತಿ ತಿಕ್ಕಿ ಅದುಮಿ ಏನ್ ಮಾಡಿದ್ರೂ ಆ ಸ್ವರಕ್ಕೆ ಏನೂ ಆಗಲ್ಲ. ಕೈಲಿರೋದು ಮುಂದಿನ ಸ್ವರ ಒಂದೇ.

ಇದು ಗೊತ್ತಾದ ಮೇಲೆ ನಾನೊಂದು ದಡ್ಡತನ ಮಾಡ್ದೆ. ಲೆಕ್ಕದವನು ನೋಡಿ! ಪ 78, ಸ 55, ರಿ 58, ಗ 63, ಮ 69, ಪ 76, ಕೊನೇ ಸ ಸ 50, 46 ಅಂತ ಪೇಪರ್ ಮೇಲೆ ಬರ್ಕೊಂಡು ಅದನ್ನ ಬಾಯಿಪಾಠ ಮಾಡೋಕೆ ಹೋದೆ. ಎರಡು ವಾರ. ಟೈಪಿಂಗ್ ಹೋಗಿ ಟ್ಯಾಲಿ ಎಂಟ್ರಿ ಆಯ್ತು.

ಕೆಲ್ಸಕ್ಕೆ ಬಂದಿದ್ದು ಹಾಡೋದು. ಬಾಯಿಬಿಟ್ಟು ಹಾಡೋದು, ನನ್ನ ಕಂಠ ಹೆಂಗಿದ್ರೂ ಪರ್ವಾಗಿಲ್ಲ. ಪ ಸರಿಗಮ ಪ ಸ ಸ ಅಂತ ಒಂದೇ ಉಸ್ರಲ್ಲಿ ಹಾಡಿ ನೋಡಿ, ಕೊನೇ ಸ ಸ ತಾನಾಗೇ ಇಳಿಯುತ್ತೆ, ಉಸ್ರು ಖಾಲಿ ಆಗಿರುತ್ತಲ್ಲ. ಮುಂದಿನ ಸಾಲು ದ, ಮಪದನಿ, ಮೇಲಿನ ಸ ಅಂತ ಏರುವಾಗ ಹೊಸ ಉಸ್ರು ತಗೊಳ್ಳೇಬೇಕು. ಆ ಉಸ್ರು ತಗೊಳ್ಳೋ ಜಾಗದಲ್ಲಿ ಮಣಿಕಟ್ಟು ಒಂಚೂರು ಎತ್ತಿದ್ರೆ ಅರ್ಧ ಕೆಲ್ಸ ಮುಗೀತು. ಶೋಪಾನ್ ಅಂತ ಹಳೇ ಕಾಲದ ದೊಡ್ಡ ಪಿಯಾನೋ ಸಂಗೀತಗಾರ, ಅವ್ರು ಪಿಯಾನೋ ಕಲಿಸೋದ್ರ ಬಗ್ಗೆ ಅರ್ಧಂಬರ್ಧ ಬರ್ದಿಟ್ಟು ಹೋಗಿರೋ ನೋಟ್ಸಲ್ಲಿ ಮಣಿಕಟ್ಟನ್ನ ಹಾಡುಗಾರರ ಉಸಿರಿಗೇ ಹೋಲಿಸಿದಾರೆ, ಶಿಷ್ಯರಿಗೂ ಹೋಗಿ ಒಳ್ಳೇ ಹಾಡುಗಾರರನ್ನ ಕೇಳಿ ಅಂತಿದ್ರಂತೆ. ನನ್ನ ಮಣಿಕಟ್ಟು ಸ್ಲೋಮೋಷನ್‌ನಲ್ಲಿ ನೋಡಿದ್ರೆ ಬಿದಿರು ದಬ್ಬೆ ತರ ಇತ್ತು, ಈ ಕ್ಲಿಪ್ ನೋಡಿ, ನಗಬೇಡಿ.

ಅದಕ್ಕೆ ಒಂದೇ ಅಭ್ಯಾಸ ಮಾಡಿದ್ದು, ಎರಡೆರಡೇ ಸ್ವರ. ಅಮ್ಮನ್ನ ಕರೆಯೋ ತರ, "ಅಮ್‌" ಅನ್ನುವಾಗ ಕೈ ಭಾರ ಬಿಡೋದು, "ಮ" ಅನ್ನುವಾಗ ಎತ್ಕೊಳ್ಳೋದು. ಮೊದಲ್ನೇ ವಾರ ಮನೇಲಿ ನಾನು ಹಂಗೇ ಬಾಯಲ್ಲಿ ಹೇಳ್ಕೊಂಡು ನುಡಿಸ್ತಿದ್ರೆ ಅಮ್ಮ ಎರಡು ಸಲ "ಏನೋ, ಏನ್ ಬೇಕು" ಅಂತ ಎದ್ದು ಬಂದ್ರು.

ಹಾಂ, ಕಾಲಲ್ಲಿ ಒತ್ತೋ ಪೆಡಲ್. ತುಂಬಾ ಜನ ಕಾಮೆಂಟಲ್ಲಿ ಪೆಡಲ್ ಒತ್ರಿ ನೈಸಾಗಿ ಬರುತ್ತೆ ಅಂತೀರ. ಅದು ಒತ್ತಿದ್ರೆ ತಂತಿ ಮೇಲೆ ಕೂತು ಸದ್ದು ನಿಲ್ಸೋ ಡ್ಯಾಂಪರ್‌ಗಳೆಲ್ಲಾ ಒಟ್ಟಿಗೆ ಎದ್ದು ಸ್ವರಗಳು ಒಂದ್ರೊಳಗೊಂದು ಕಲ್ಸ್ಕೊಳ್ತಾವೆ, ಕೇಳೋಕೆ ದೊಡ್ಡ ಹಾಲ್‌ನಲ್ಲಿ ನುಡಿಸ್ದಂಗೆ. ನಾನೂ ಆರು ತಿಂಗ್ಳು ಅದ್ರಲ್ಲೇ ಬಚ್ಚಿಟ್ಕೊಂಡಿದ್ದೆ. ಆದ್ರೆ ನಮ್ಮೂರಲ್ಲಿ ಚಿಕ್ಕ ಹುಡುಗ್ರಿಗೂ ಗೊತ್ತು, ಸೀದೋಗಿರೋ ದೋಸೆಗೆ ಎಷ್ಟು ಬೆಣ್ಣೆ ಹಾಕಿದ್ರೂ ಅದು ಸೀದಿರೋ ದೋಸೇನೇ. ಈಗ ಈ ಪೀಸಿಗೆ ಪೆಡಲ್ ಮುಟ್ಟೋದೇ ಇಲ್ಲ.

ಎಡಗೈ ಇನ್ನೂ ದಂಡ. ಬಲಗೈ ಮೆತ್ತಗಾದ ಕೂಡ್ಲೇ ಅದೂ ಮೆತ್ತಗಾಗ್ಬೇಕು, ಆಗಲ್ಲ, ಸಂತೇಲಿ ಕೂಗಿದಂಗೆ ಕೂಗುತ್ತೆ. ಎರಡನೇ ಭಾಗದಲ್ಲಿ ಒಂದ್ಕಡೆ ಈಗ್ಲೂ ಹೆಬ್ಬೆರಳು ಡಬ್ ಅನ್ನುತ್ತೆ, ಈಗ ನುಡಿಸ್ದಾಗ ನಿಮ್ಗೇ ಗೊತ್ತಾಗುತ್ತೆ ಎಲ್ಲಿ ಅಂತ.

ಇವತ್ತು ಅಜ್ಜ ಬಂದಿದಾರೆ, ಅಲ್ಲಿ ಮೂಲೇಲಿ ಕುರ್ಚಿ ಮೇಲೆ ಮಂಡಕ್ಕಿ ತಿಂತಾ ಇರೋರು ಅವ್ರೇ, ಮುಖ ತೋರಿಸ್ಬೇಡ ಅಂದಿದಾರೆ. ಏಪ್ರಿಲ್ ಬಿಸ್ಲು, ಆದ್ರೂ ಮೈಕಿಗೆ ಸೌಂಡ್ ಬರುತ್ತೆ ಅಂತ ಫ್ಯಾನ್ ಆಫ್ ಮಾಡ್ತಿದೀನಿ. ಅಜ್ಜಾ, ಒಂದೆರಡು ನಿಮಿಷ ಮಂಡಕ್ಕಿ ನಿಲ್ಸಿ.